4294967297: ಇದರ ಯಾವ ಗುಣ ನಿಜಕ್ಕೂ ಇದರದ್ದು?

ಬೆಸಸಂಖ್ಯೆ

ಯಾವುದಾದರೂ ಪೂರ್ಣಾಂಕ ಕೊಟ್ಟರೆ ಅದರ ಜಾತಕ ಬರೆದುಕೊಡುವ ಪುಟ್ಟ ಪ್ರೋಗ್ರಾಂ ಮಾಡಿಕೊಂಡಿದ್ದೇನೆ. 4294967297 ಹಾಕಿದಾಗ ಹೀಗೆ ಬಂತು:

ಬೆಸ. ಸಂಯುಕ್ತ. 641 × 6700417, ಎರಡೂ ಅವಿಭಾಜ್ಯ. ಭಾಜಕಗಳು ನಾಲ್ಕೇ, ಅವುಗಳ ಮೊತ್ತ 4301668356. ಸಂಖ್ಯೆಯನ್ನೇ ಬಿಟ್ಟರೆ ಉಳಿದ ಮೂರರ ಮೊತ್ತ 6701059, ಅಂದರೆ ನ್ಯೂನ ಸಂಖ್ಯೆ. ಯಾವ ವರ್ಗಸಂಖ್ಯೆಯೂ ಇದನ್ನು ಭಾಗಿಸುವುದಿಲ್ಲ (1 ಬಿಟ್ಟು). ಆಯ್ಲರನ ಫೈ ಬೆಲೆ (ಇದರೊಳಗೆ, ಇದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದ ಸಂಖ್ಯೆಗಳ ಎಣಿಕೆ) 4288266240. ಅಂಕಿಗಳ ಮೊತ್ತ 59. ಹರ್ಷದ್ ಸಂಖ್ಯೆ ಅಲ್ಲ (ಅಂಕಿಗಳ ಮೊತ್ತದಿಂದ ಭಾಗವಾಗದು). ಸ್ಮಿತ್ ಸಂಖ್ಯೆ ಅಲ್ಲ (ಅವಿಭಾಜ್ಯ ಅಪವರ್ತನಗಳ ಅಂಕಿಗಳನ್ನು ಕೂಡಿಸಿದರೆ ಅದೇ ಮೊತ್ತ ಬರದು). ಹ್ಯಾಪಿ ಸಂಖ್ಯೆ ಅಲ್ಲ. ದ್ವಿಮಾನದಲ್ಲಿ ಬರೆದರೆ ಹಿಂದುಮುಂದು ಒಂದೇ. 2ರ ಆಧಾರದಲ್ಲಿ ಹುಸಿ ಅವಿಭಾಜ್ಯ.

ಇದರಲ್ಲಿ ಯಾವುದು ಮುಖ್ಯ, ಯಾವುದು ಬರೀ ತಮಾಷೆ? ಪಟ್ಟಿ ಉದ್ದ ಆದಷ್ಟೂ ಸಂಖ್ಯೆಯ ಪರಿಚಯ ಕಡಿಮೆ ಆಗ್ತಾ ಇದೆ ಅನ್ನಿಸ್ತಿದೆ.

ಕೈವಾರ

ನಿಮ್ಮ ಪಟ್ಟಿಯಲ್ಲಿ ಒಂದು ಸಾಲು ಇಲ್ಲ, ಅದೇ ಎಲ್ಲಕ್ಕಿಂತ ದೊಡ್ಡದು. ಈ ಸಂಖ್ಯೆ 2^32 + 1. ಐದನೆಯ ಫರ್ಮಾ ಸಂಖ್ಯೆ, ಎಣಿಕೆ ಸೊನ್ನೆಯಿಂದ ಶುರು ಮಾಡಿದರೆ. ಹಿಂದಿನವು 3, 5, 17, 257, 65537. ಘಾತಾಂಕಗಳು 1, 2, 4, 8, 16 ಎಂದು ದುಪ್ಪಟ್ಟಾಗುತ್ತ ಬರುತ್ತವೆ, ಮುಂದಿನದು 32.

ಆ ಐದೂ ಅವಿಭಾಜ್ಯ. 1640ರಲ್ಲಿ ಫರ್ಮಾ ಇದನ್ನು ನೋಡಿ, ಈ ಸಾಲಿನಲ್ಲಿ ಬರುವುದೆಲ್ಲ ಅವಿಭಾಜ್ಯವೇ ಎಂದು ನಂಬಿ ಪತ್ರ ಬರೆದ. ಅದರ ಪುರಾವೆ ಕೈಗೆ ಸಿಕ್ಕಿಲ್ಲ ಎಂದೂ ಹೇಳಿಕೊಂಡಿದ್ದ. 1729ರಲ್ಲಿ ಗೋಲ್ಡ್‌ಬಾಕ್ ಆಯ್ಲರನಿಗೆ ಪತ್ರ ಬರೆದು, ಫರ್ಮಾನ ಈ ಮಾತು ಗೊತ್ತೇ ಎಂದು ಕೇಳಿದ. 1732ರಲ್ಲಿ ಆಯ್ಲರ್ 641 ಇದನ್ನು ಭಾಗಿಸುತ್ತದೆ ಎಂದು ತೋರಿಸಿದ. ನಿಮ್ಮ ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟ ಎರಡನೆಯ ಸಾಲಿಗೆ ತೊಂಬತ್ತೆರಡು ವರ್ಷ ಬೇಕಾಯಿತು.

2^32 + 1 ಎಂಬ ರೂಪದಿಂದ ಹುಟ್ಟುವ ಗುಣಗಳು ಮುಖ್ಯ, ಉಳಿದವು ತಮಾಷೆ. ನಾನು ಗೆರೆ ಎಳೆಯುವುದು ಅಲ್ಲಿ.

ಹತ್ತರಮನೆ

ತಮಾಷೆ ಅಂತ ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ ಸರ್. ಹರ್ಷದ್ ಸಂಖ್ಯೆಗಳನ್ನು ಗುರುತಿಸಿದ ಕಾಪ್ರೇಕರ್ ಅವರು ಅಂಕಿಗಳ ಜೊತೆ ಆಡುತ್ತಲೇ 6174ನ್ನೂ ಕಂಡರು. ಅಂಕಿಯಾಟದಲ್ಲೂ ಗಣಿತ ಇರುತ್ತೆ.

ಕೈವಾರ

ಇರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ಹತ್ತರ ಪದ್ಧತಿಯ ಗಣಿತ. ಹ್ಯಾಪಿ ಪರೀಕ್ಷೆಯನ್ನೇ ನೋಡಿ: ಅಂಕಿಗಳ ವರ್ಗ ಕೂಡಿಸುತ್ತ ಹೋದರೆ 417, 66, 72, 53, 34, 25, 29, 85, 89. 89 ಬಂದ ಮೇಲೆ ಒಂದೇ ಸುತ್ತಿನಲ್ಲಿ ಸಿಕ್ಕಿಬಿದ್ದ ಹಾಗೆ, 1ಕ್ಕೆ ಬರುವುದೇ ಇಲ್ಲ. ಇದೇ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದು ಇದೇ ಪರೀಕ್ಷೆ ಮಾಡಿದರೆ ಎರಡು ಒಂದುಗಳ ಮೊತ್ತ 2, ಅಂದರೆ ದ್ವಿಮಾನದ 10, ಮುಂದಿನ ಹೆಜ್ಜೆಯಲ್ಲೇ 1. ಅಲ್ಲಿ ಹ್ಯಾಪಿ, ಇಲ್ಲಿ ಅಲ್ಲ. ಸಂಖ್ಯೆ ಬದಲಾಗಿಲ್ಲ, ಬರೆಯುವ ರೀತಿ ಬದಲಾಯಿತು.

641ರಿಂದ ಭಾಗವಾಗುವುದು ಮಾತ್ರ ಯಾವ ಪದ್ಧತಿಯಲ್ಲಿ ಬರೆದರೂ ಹೋಗುವುದಿಲ್ಲ.

ಶೇಷ_ಒಂದು

ನಾನು ಇನ್ನೂ ಓದುತ್ತಿರುವವಳು, ಒಂದು ಅನುಮಾನ. ಆಯ್ಲರ್‌ಗೆ 641 ಹೇಗೆ ಹೊಳೆಯಿತು? 641 ಅವಿಭಾಜ್ಯಗಳ ಸಾಲಿನಲ್ಲಿ 116ನೆಯದು. 2ರಿಂದ ಶುರು ಮಾಡಿ ಒಂದೊಂದಾಗಿ ಭಾಗಿಸಿದ್ದರೆ 116 ಭಾಗಾಕಾರ, ಅದೂ ಹತ್ತಂಕಿಯ ಸಂಖ್ಯೆಗೆ. ಮಾಡಲಾಗದ್ದೇನಲ್ಲ. ಆದರೆ ಹಾಗೆ ಮಾಡಿದನಾ?

ಕೈವಾರ

1732ರ ಪ್ರಬಂಧದಲ್ಲಿ ದಾರಿ ಹೇಳದೆ ಬರೀ ಉತ್ತರ ಕೊಟ್ಟಿದ್ದ. ಆಮೇಲಿನ ಇನ್ನೊಂದು ಪ್ರಬಂಧದಲ್ಲಿ ಗುಟ್ಟು ಬಿಟ್ಟುಕೊಟ್ಟ. ನಿಧಾನವಾಗಿ ನೋಡಿ, ಚೆಂದ ಇದೆ.

ಒಂದು ಅವಿಭಾಜ್ಯ ಈ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. ಅದರಿಂದ 2^32ನ್ನು ಭಾಗಿಸಿದರೆ ಶೇಷ −1 (ಅಂದರೆ ಭಾಜಕಕ್ಕಿಂತ ಒಂದು ಕಡಿಮೆ). ವರ್ಗ ಮಾಡಿ: 2^64ರ ಶೇಷ 1. ಅಂದರೆ 2ರ ಘಾತಗಳ ಶೇಷ ಮೊದಲ ಸಲ 1ಕ್ಕೆ ಬರುವುದು ಸರಿಯಾಗಿ 64ನೇ ಹೆಜ್ಜೆಯಲ್ಲಿ. ಅದಕ್ಕೂ ಮೊದಲು ಬಂದಿದ್ದರೆ ಆ ಹೆಜ್ಜೆ 64ರ ಭಾಜಕ ಆಗಬೇಕಿತ್ತು, ಹಾಗಿದ್ದರೆ 32ರಲ್ಲೂ 1 ಸಿಗಬೇಕಿತ್ತು. ಸಿಕ್ಕಿರುವುದು −1. ಇನ್ನು ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ, ಅವಿಭಾಜ್ಯದಿಂದ ಒಂದು ಕಳೆದರೆ ಬರುವ ಘಾತದಲ್ಲೂ ಶೇಷ 1 ಬರಲೇಬೇಕು. ಆದ್ದರಿಂದ ಆ ಘಾತವನ್ನು 64 ಭಾಗಿಸಬೇಕು. ಬೇಟೆಯಾಡಬೇಕಾದ ಅವಿಭಾಜ್ಯಗಳೆಲ್ಲ 64ಕ + 1 ರೂಪದವು.

ಈಗ ಎಣಿಸಿ: 193, 257, 449, 577, 641. ನಿಮ್ಮ 116 ಭಾಗಾಕಾರ ಐದಕ್ಕೆ ಇಳಿಯಿತು.

1878ರಲ್ಲಿ ಲೂಕಾಸ್ ಇದನ್ನು ಇನ್ನೂ ಬಿಗಿ ಮಾಡಿ 128ಕ + 1 ಎಂದ. ಆಗ ಉಳಿಯುವುದು 257 ಮತ್ತು 641. ಇನ್ನೂ ಒಂದು ವಿಷಯ ಸೇರಿಸಿದರೆ 257 ಕೂಡ ಹೋಗುತ್ತದೆ: 3 × 5 × 17 × 257 × 65537 = 4294967295, ನಮ್ಮ ಸಂಖ್ಯೆಗಿಂತ ಎರಡು ಕಡಿಮೆ. ಹಾಗಾಗಿ 257 ಎರಡನ್ನೂ ಭಾಗಿಸುವುದಾದರೆ 2ನ್ನೂ ಭಾಗಿಸಬೇಕು. ಆಗದು. ನೇರವಾಗಿ 641ಕ್ಕೇ ಬಂದು ನಿಲ್ಲುತ್ತೇವೆ.

ಶೇಷ_ಒಂದು

ಅಬ್ಬಾ! ಹಾಗಾದರೆ 6700417 ಅವಿಭಾಜ್ಯ ಅನ್ನೋದಕ್ಕೂ ಇದೇ ದಾರಿ ನಡೆಯುತ್ತಲ್ವಾ? ಅದರ ಭಾಜಕಗಳೂ ದೊಡ್ಡ ಸಂಖ್ಯೆಯ ಭಾಜಕಗಳೇ ತಾನೇ. ವರ್ಗಮೂಲ ಸುಮಾರು 2588. ಅಷ್ಟರೊಳಗೆ 128ಕ + 1 ರೂಪದ ಅವಿಭಾಜ್ಯ 257 ಬಿಟ್ಟರೆ 641, 769, 1153, 1409 ಮಾತ್ರ. ಭಾಗಿಸಿ ನೋಡಿದೆ, ಶೇಷ 44, 120, 334, 622. ಯಾವುದೂ ಸೊನ್ನೆ ಅಲ್ಲ.

ಕೈವಾರ

ಸರಿಯಾಗಿದೆ. ಎಪ್ಪತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ಇರುವ ಸಂಖ್ಯೆ ಅವಿಭಾಜ್ಯ ಎಂದು ನಾಲ್ಕೇ ಭಾಗಾಕಾರದಲ್ಲಿ ಸಾಧಿಸಿದಿರಿ. ಬೆಸಸಂಖ್ಯೆಯವರೇ, ಗುಣ ಸಂಖ್ಯೆಯದ್ದೇ ಎಂದರೆ ಇದು.

ಮೂಲೆಬೆಂಚು

641 ಭಾಗಿಸುತ್ತೆ ಅನ್ನೋದಕ್ಕೆ ಭಾಗಾಕಾರವೇ ಬೇಡ.

641 = 5 × 2^7 + 1
641 = 5^4 + 2^4

ಮೊದಲ ಸಾಲಿನಿಂದ 5 × 2^7ರ ಶೇಷ −1, ನಾಲ್ಕನೇ ಘಾತಕ್ಕೆ ಏರಿಸಿದರೆ 5^4 × 2^28ರ ಶೇಷ 1. ಎರಡನೇ ಸಾಲು 5^4ರ ಜಾಗದಲ್ಲಿ −2^4 ಇಡಲು ಬಿಡುತ್ತೆ. ಇಟ್ಟರೆ −2^32ರ ಶೇಷ 1. ಅಂದರೆ 2^32 + 1ರ ಶೇಷ 0. ಮುಗೀತು.

ಲೂಪ್‌ನೊಳಗೆ

ಪ್ರೋಗ್ರಾಂ ಬರೆಯುವವರ ಕಡೆಯಿಂದ ಒಂದು ಮಾತು. ಮೊದಲನೆಯದಾಗಿ, 32 ಬಿಟ್‌ನ ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿ ಇದನ್ನು ಇಟ್ಟರೆ ಉಳಿಯುವುದು 1. ಆಗ ಎಲ್ಲ ಗುಣಗಳೂ 1ರ ಗುಣಗಳೇ :)

ಎರಡನೆಯದು ಗಂಭೀರ. ಪಟ್ಟಿಯ ಕೊನೆಯಲ್ಲಿ ಸುಮ್ಮನೆ ತುರುಕಿರುವ “ಹುಸಿ ಅವಿಭಾಜ್ಯ” ನನ್ನ ಪ್ರಕಾರ ಮೊದಲ ಸಾಲಿನಲ್ಲಿರಬೇಕು. ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡುವಾಗ ನಾವು ಅಪವರ್ತನ ಹುಡುಕುವುದಿಲ್ಲ. 2ನ್ನು “ಸಂಖ್ಯೆ ಕಳೆ 1” ಘಾತಕ್ಕೆ ಏರಿಸಿ ಶೇಷ 1 ಬರುತ್ತಾ ನೋಡುತ್ತೇವೆ. ಬರದಿದ್ದರೆ ಖಂಡಿತ ಸಂಯುಕ್ತ. ಬಂದರೆ ಬಹುಶಃ ಅವಿಭಾಜ್ಯ. ಇಲ್ಲಿ “ಸಂಖ್ಯೆ ಕಳೆ 1” ಅಂದರೆ 2^32, ಅದು 64ರ ಗುಣಕ. 2^64ರ ಶೇಷ 1 ಎಂದು ಮೇಲೆ ಬಂದೇ ಇದೆ. ಹಾಗಾಗಿ ಪರೀಕ್ಷೆ ಪಾಸ್, ಸಂಖ್ಯೆ ಮಾತ್ರ ಸಂಯುಕ್ತ.

ಮಿಲ್ಲರ್–ರಾಬಿನ್ ಪರೀಕ್ಷೆ ಇದಕ್ಕಿಂತ ಕಟ್ಟುನಿಟ್ಟು. ಅದನ್ನೂ 2ರ ಆಧಾರದಲ್ಲಿ ಮಾಡಿದರೆ ಇದು ದಾಟಿಬಿಡುತ್ತದೆ, ಯಾಕೆಂದರೆ ವರ್ಗ ಮಾಡುತ್ತ ಹೋಗುವ ದಾರಿಯಲ್ಲಿ 2^32 ಸಿಕ್ಕೇ ಸಿಗುತ್ತದೆ, ಅದರ ಶೇಷ −1. ಅಂದರೆ ಇದು ಬಲವಾದ ಹುಸಿ ಅವಿಭಾಜ್ಯ. 2047 = 23 × 89 ಆ ಜಾತಿಯ ಅತಿ ಚಿಕ್ಕದು.

ಫರ್ಮಾ ಸಂಖ್ಯೆಗಳೆಲ್ಲ 2ರ ಪರೀಕ್ಷೆಯನ್ನು ದಾಟುತ್ತವೆ, ಅವಿಭಾಜ್ಯ ಆಗಲಿ ಬಿಡಲಿ. ಪ್ರಶ್ನೆಪತ್ರಿಕೆಯೇ 2ರಿಂದ ಮಾಡಿದ್ದು, ಉತ್ತರವೂ 2ರಿಂದ ಮಾಡಿದ್ದು, ಇನ್ನೇನಾಗುತ್ತೆ?

ಬೆಸಸಂಖ್ಯೆ

ಹಾಗಾದರೆ 3 ಹಾಕಿದರೆ?

ಲೂಪ್‌ನೊಳಗೆ

ಸಿಕ್ಕಿಬೀಳುತ್ತೆ. 3ರಿಂದ ಶುರು ಮಾಡಿ 31 ಸಲ ವರ್ಗ ಮಾಡುತ್ತ, ಪ್ರತಿ ಸಲ ಶೇಷ ಮಾತ್ರ ಇಟ್ಟುಕೊಳ್ಳಿ. ಕೊನೆಗೆ 10324303 ಬರುತ್ತೆ. ಅವಿಭಾಜ್ಯ ಆಗಿದ್ದರೆ −1, ಅಂದರೆ 4294967296 ಬರಬೇಕಿತ್ತು. ಇನ್ನೊಂದು ಸಲ ವರ್ಗ ಮಾಡಿದರೆ 3029026160. ಅವಿಭಾಜ್ಯ ಆಗಿದ್ದರೆ ಇಲ್ಲಿ 1 ಬರಬೇಕಿತ್ತು. 1877ರಲ್ಲಿ ಪೆಪಿನ್ ಇದನ್ನೇ ಫರ್ಮಾ ಸಂಖ್ಯೆಗಳ ಪರೀಕ್ಷೆಯಾಗಿ ಕಟ್ಟಿಕೊಟ್ಟ. ಭಾಜಕ ಯಾವುದೆಂದು ಅದು ಹೇಳುವುದಿಲ್ಲ, ಇದೆ ಎಂದಷ್ಟೇ ಹೇಳುತ್ತದೆ.

ನಿಮ್ಮ ಪ್ರೋಗ್ರಾಂಗೆ ಸಲಹೆ: ಈ ಅಳತೆಯ ಸಂಖ್ಯೆಗಳಿಗೆ 2, 7, 61 ಎಂಬ ಮೂರು ಆಧಾರ ಸಾಕು. 4759123141ರ ಕೆಳಗಿನ ಯಾವ ಸಂಯುಕ್ತವೂ ಮೂರನ್ನೂ ದಾಟುವುದಿಲ್ಲ.

ಹತ್ತರಮನೆ

ನನಗೆ ಅರ್ಥವಾಗದ್ದು ಫರ್ಮಾನ ಕಥೆ. ಚಿಕ್ಕ ಪ್ರಮೇಯ ಅವನದೇ. ಮೂವತ್ತೆರಡು ಸಲ ವರ್ಗ ಮಾಡುವುದು ಆ ಕಾಲದ ಲೆಕ್ಕಿಗನಿಗೆ ದೊಡ್ಡದೇ? ಅಪವರ್ತಿಸಲು ಅವನದೇ ಇನ್ನೊಂದು ವಿಧಾನ ಬೇರೆ ಇತ್ತು, ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು.

ಮೂಲೆಬೆಂಚು

ಆ ವಿಧಾನ ಇಲ್ಲಿ ಕೈಕೊಡುತ್ತೆ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಮಾತ್ರ ಅದು ಬೇಗ ಮುಗಿಯೋದು. 641 ಎಲ್ಲಿ, 6700417 ಎಲ್ಲಿ! ನಮ್ಮ ಸಂಖ್ಯೆ = 3350529² − 3349888². ಶುರು ಮಾಡಬೇಕಾದ್ದು 65537ರಿಂದ. ನಡುವೆ ಸುಮಾರು ಮೂವತ್ತಮೂರು ಲಕ್ಷ ಹೆಜ್ಜೆ.

ಕೈವಾರ

ವರ್ಗಗಳ ವ್ಯತ್ಯಾಸ ಬಿಡಿ, ಮೊತ್ತ ಹಿಡಿಯಿರಿ. ಈ ಸಂಖ್ಯೆಯ ನಿಜವಾದ ಸೊಗಸು ಅಲ್ಲಿದೆ, ಪ್ರೋಗ್ರಾಂ ಅದನ್ನು ಮುಟ್ಟಿಯೇ ಇಲ್ಲ.

ಒಂದು ಮೊತ್ತ ಕಣ್ಣಿಗೇ ಕಾಣುತ್ತದೆ: 65536² + 1². ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಲಾಗದು. ಆದ್ದರಿಂದ ಎರಡನೆಯ ಬಗೆ ಸಿಕ್ಕರೆ ಸಂಖ್ಯೆ ಸಂಯುಕ್ತ ಎಂದು ತೀರ್ಮಾನವಾಯಿತು. ಸಿಗುತ್ತದೆ:

4294967297 = 62264² + 20449²

ಕೂಡಿಸಿ ನೋಡಿ: 3876805696 + 418161601.

ಎರಡು ಬಗೆ ಸಿಕ್ಕ ಮೇಲೆ ಅಪವರ್ತನಗಳನ್ನೂ ಹೊರಗೆಳೆಯಬಹುದು, ಈ ವಿಧಾನವೂ ಆಯ್ಲರನ ಹೆಸರಿನದೇ. ಸಮಸಂಖ್ಯೆಗಳನ್ನು ಒಂದು ಕಡೆ, ಬೆಸಗಳನ್ನು ಇನ್ನೊಂದು ಕಡೆ ಜೋಡಿಸಿ. 65536 − 62264 = 3272, 20449 − 1 = 20448. ಇವೆರಡರ ಮ.ಸಾ.ಅ. 8. ಇನ್ನು ಮೊತ್ತಗಳು: 127800 ಮತ್ತು 20450, ಮ.ಸಾ.ಅ. 50. ಎರಡರ ಅರ್ಧ 4 ಮತ್ತು 25. 4² + 25² = 641.

ಇನ್ನೊಂದು ಅಪವರ್ತನವೂ ಅದೇ ಲೆಕ್ಕದಲ್ಲಿ ಇದೆ: 3272ನ್ನು 8ರಿಂದ ಭಾಗಿಸಿದರೆ 409, 20448ನ್ನು ಭಾಗಿಸಿದರೆ 2556. 409² + 2556² = 6700417.

ಶೇಷ_ಒಂದು

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹಿಂದಕ್ಕೂ ನಡೆಯುತ್ತೆ: 25 × 2556 + 4 × 409 = 65536, ಮತ್ತು 25 × 409 − 4 × 2556 = 10225 − 10224 = 1. ಚಿಹ್ನೆ ಅದಲುಬದಲು ಮಾಡಿದರೆ 62264 ಮತ್ತು 20449.

20449 = 143² ಕೂಡ ಹೌದು! ಅಂದರೆ ನಮ್ಮ ಸಂಖ್ಯೆ 62264² + 143⁴.

ಕೈವಾರ

143 ಆಕಸ್ಮಿಕ ಅನ್ನಿಸುತ್ತದೆ, ಅದರ ಹಿಂದೆ ಕಾರಣ ಹುಡುಕಬೇಡಿ. ಚೆನ್ನಾಗಿದೆ ಅಷ್ಟೆ.

ಮೂಲೆಬೆಂಚು

ಎರಡು ವರ್ಗಗಳ ಮೊತ್ತ ಅಂದಮೇಲೆ ಲಂಬಕೋನ ತ್ರಿಭುಜವೂ ಬಂತು. ವಿಕರ್ಣ 4294967297, ಒಂದು ಬಾಹು 4294967295, ಇನ್ನೊಂದು 131072. ಕಡ್ಡಿಯಂಥ ತ್ರಿಭುಜ. ಇನ್ನೊಂದು ಮೊತ್ತದಿಂದ 3458644095 ಮತ್ತು 2546473072 ಬಾಹುಗಳದ್ದು, ಅದು ನೋಡಲು ಮನುಷ್ಯರ ತ್ರಿಭುಜ.

ಬೆಸಸಂಖ್ಯೆ

4294967295 ಎರಡನೇ ಸಲ ಬಂತು. ಅದನ್ನೂ ಪ್ರೋಗ್ರಾಂಗೆ ಹಾಕಿದೆ. ಫೈ ಬೆಲೆ 2147483648. ಅದು 2^31 ಅಲ್ವಾ?

ಕೈವಾರ

ಹೌದು, ಅದರ ಅರ್ಥ ದೊಡ್ಡದು. ಅಳತೆಗುರುತಿಲ್ಲದ ಪಟ್ಟಿ ಮತ್ತು ಕೈವಾರ ಎರಡರಿಂದಲೇ ನಿಯತ ಬಹುಭುಜ ಎಳೆಯಬೇಕಾದರೆ ಭುಜಗಳ ಸಂಖ್ಯೆಯ ಫೈ ಬೆಲೆ 2ರ ಘಾತವಾಗಿರಬೇಕು. 1796ರಲ್ಲಿ ಗೌಸ್ 17 ಭುಜದ್ದು ಸಾಧ್ಯ ಎಂದು ಕಂಡ, ಬೇರೆಯವು ಯಾಕೆ ಆಗವು ಎಂಬುದನ್ನು 1837ರಲ್ಲಿ ವಾಂಟ್ಸೆಲ್ ಮುಗಿಸಿದ. ಭುಜಗಳು ಬೆಸ ಆದರೆ ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವೇ ಆಗಬೇಕು. ನಮಗೆ ಗೊತ್ತಿರುವುದು ಐದೇ, ಅವುಗಳಿಂದ 31 ಗುಣಲಬ್ಧ. ಎಲ್ಲಕ್ಕಿಂತ ದೊಡ್ಡದು 4294967295.

4294967297ಕ್ಕೆ ಆ ಭಾಗ್ಯವಿಲ್ಲ. ಅದರ ಫೈ ಬೆಲೆ 640 × 6700416, ಒಳಗೆ 5, 3, 17449 ಕೂತಿವೆ. ಎರಡೇ ಹೆಜ್ಜೆ ಆಚೆ, ಬಹುಭುಜ ಎಳೆಯಲಾಗದು.

ಹತ್ತರಮನೆ

ಈಗ ನನ್ನ ಸರದಿ. ಅಂಕಿಗಳು ಬರೆಯುವ ರೀತಿಯ ಪಾಡು, ಅವಕ್ಕೆ ಅರ್ಥವಿಲ್ಲ ಅಂದಿರಲ್ಲ. ಪ್ಯಾಸ್ಕಲ್ ತ್ರಿಕೋನ ಬರೆಯಿರಿ. ಬೆಸ ಇದ್ದಲ್ಲಿ 1, ಸಮ ಇದ್ದಲ್ಲಿ 0 ಇಡಿ. ಪ್ರತಿ ಸಾಲನ್ನೂ ದ್ವಿಮಾನ ಸಂಖ್ಯೆಯಾಗಿ ಓದಿ. ತುದಿಯ ಒಂಟಿ 1 ಬಿಟ್ಟರೆ ಬರುವುದು: 3, 5, 15, 17, 51, 85, 255, 257... ಕೈವಾರದಿಂದ ಎಳೆಯಬಹುದಾದ ಬೆಸ ಬಹುಭುಜಗಳ ಪಟ್ಟಿ, ಅದೇ ಕ್ರಮದಲ್ಲಿ! 31ನೇ ಸಾಲು ಪೂರ್ತಿ ಒಂದುಗಳು, ಅಂದರೆ 4294967295. 32ನೇ ಸಾಲು 1, ನಡುವೆ ಮೂವತ್ತೊಂದು ಸೊನ್ನೆ, ಮತ್ತೆ 1. ಅದು ನಮ್ಮ ಸಂಖ್ಯೆ. ಅಲ್ಲಿಗೆ ಪಟ್ಟಿ ಮುರಿಯುತ್ತೆ.

ನಿಮ್ಮ ಪ್ರೋಗ್ರಾಂ “ಹಿಂದುಮುಂದು ಒಂದೇ” ಅಂದ ದ್ವಿಮಾನ ಅಂಕಿಗಳು ಇವೇ ಅಲ್ಲವೇ, ಬೆಸಸಂಖ್ಯೆಯವರೇ?

ಕೈವಾರ

ಒಪ್ಪಿದೆ. ಆದರೆ ಇದು ನನ್ನ ಗೆರೆಯ ಒಳಗೇ ಬರುತ್ತದೆ. ಸಂಖ್ಯೆ 2ರ ಘಾತದಿಂದ ಆದದ್ದು, ಹಾಗಾಗಿ 2ರ ಪದ್ಧತಿಯ ಅಂಕಿಗಳು ಅದರ ರೂಪವನ್ನೇ ತೋರಿಸುತ್ತವೆ. ಹತ್ತರ ಅಂಕಿಗಳಲ್ಲಿ ಹಾಗೆ ಏನಾದರೂ ತೋರಿಸಿ ನೋಡೋಣ.

ಹತ್ತರಮನೆ

ಕೊನೆಯ 7. 17, 257, 65537, 4294967297. 17ರಿಂದ ಆಚೆ ಪ್ರತಿ ಫರ್ಮಾ ಸಂಖ್ಯೆಯೂ 7ರಲ್ಲೇ ಮುಗಿಯುತ್ತೆ, ಯಾಕೆಂದರೆ ಘಾತಾಂಕ 4ರ ಗುಣಕ ಆದರೆ 2ರ ಘಾತದ ಕೊನೆಯ ಅಂಕಿ 6.

ಇನ್ನೊಂದು: 1/641ನ್ನು ದಶಮಾಂಶದಲ್ಲಿ ಬರೆದರೆ 32 ಅಂಕಿಗಳಿಗೊಮ್ಮೆ ಮರುಕಳಿಸುತ್ತೆ. 10^16ರ ಶೇಷ −1.

ಮೂಲೆಬೆಂಚು

ಆ 32 ನಮ್ಮ ಘಾತಾಂಕದ 32 ಅಲ್ಲ, ಎರಡನ್ನೂ ಗಂಟು ಹಾಕಬೇಡಿ. 641ಕ್ಕೆ 2ರ ಸುತ್ತು 64, 10ರ ಸುತ್ತು 32. ಎರಡೂ 640ರ ಭಾಜಕ ಆಗಲೇಬೇಕು, 640ರಲ್ಲಿ 2ರ ಏಳು ಘಾತ ಇದೆ, ಇಂಥ ಅಂಕಿ ಸಿಗುವುದು ಸಹಜ. ಕೊನೆಯ 7 ಮಾತ್ರ ಒಳ್ಳೆಯ ಉದಾಹರಣೆ.

ಬೆಸಸಂಖ್ಯೆ

ಪ್ರೋಗ್ರಾಂ ತಿದ್ದಿದೆ. ಮೊದಲು “ರೂಪ” ಎಂದು ಒಂದು ವಿಭಾಗ, 2ರ ಘಾತಕ್ಕೆ ಒಂದು ಕೂಡಿಸಿದ್ದೋ ಕಳೆದದ್ದೋ ಎಂದು ನೋಡುತ್ತೆ. ಆಮೇಲೆ ಅಪವರ್ತನ, ವರ್ಗಗಳ ಮೊತ್ತ, ಯಾವ ಯಾವ ಆಧಾರಕ್ಕೆ ಹುಸಿ ಎಂಬುದು. ಹ್ಯಾಪಿ, ಸ್ಮಿತ್, ಹರ್ಷದ್ ಎಲ್ಲ ಕೊನೆಗೆ, ಮುಚ್ಚಿಟ್ಟು, ಬೇಕಾದವರು ತೆರೆದು ನೋಡಲಿ ಅಂತ.

ಈಗ 18446744073709551617 ಕೊಟ್ಟೆ, ಅಂದರೆ 2^64 + 1. ಒಂದೊಂದಾಗಿ ಭಾಗಿಸುತ್ತ ಕೂತಿದೆ.

ಲೂಪ್‌ನೊಳಗೆ

ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಬೇಡಿ, 256ಕ + 1 ರೂಪದವನ್ನು ಮಾತ್ರ ನೋಡುವಂತೆ ಲೂಪ್ ಬದಲಿಸಿ. ಕ = 1071 ಆದಾಗ 274177 ಸಿಗುತ್ತೆ, ಇನ್ನೊಂದು 67280421310721. ಲ್ಯಾಂಡ್ರಿ 1880ರಲ್ಲಿ ಇದನ್ನು ಕೈಯಲ್ಲೇ ಮಾಡಿದ, ಆಗ ಅವನಿಗೆ ಎಂಬತ್ತೆರಡು ವರ್ಷ.

ಬೆಸಸಂಖ್ಯೆ

ಬದಲಿಸಿದೆ, ಬಂತು. ಮುಂದಿನದು 2^128 + 1?

ಲೂಪ್‌ನೊಳಗೆ

ಅದಕ್ಕೆ ಲೂಪ್ ಸಾಲದು. 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಕಂಪ್ಯೂಟರಿನಲ್ಲಿ ಸತತ ಭಿನ್ನರಾಶಿಗಳ ವಿಧಾನ ಹಾಕಿ ಒಡೆದದ್ದು. ಚಿಕ್ಕ ಅಪವರ್ತನವೇ 17 ಅಂಕಿಯದು. ಬೇರೆ ಎಳೆ ತೆಗೆಯಿರಿ, ಅಲ್ಲಿ ಬರೆಯುತ್ತೇನೆ.